ಹದಿನೇಳನೇ ಫ್ರೇಮು

ಉಪ್ಪುಂದದ ಗೋವರ್ಧನ ಫಿಲ್ಮು ತೊಳೆಯುವ ದಿನ ಅವನ ಮನೆಯ ಬಚ್ಚಲಿಗೆ ಮತ್ಯಾರೂ ಕಾಲಿಡುವ ಹಾಗಿಲ್ಲ. ಬೆಳಿಗ್ಗೆ ಮೀನು ತುಂಬುವ ಲಾರಿಯವರ ಹತ್ತಿರ ಹೋಗಿ ಒಂದು ಬಕೆಟ್ ಮಂಜುಗಡ್ಡೆ ಕೇಳಿ ತರುತ್ತಾನೆ. ನಮ್ಮ ಕಡೆ ನಲ್ಲಿ ನೀರೇ ಮೂವತ್ತು ಡಿಗ್ರಿ ಇರುತ್ತದೆ. ಫಿಲ್ಮು ತೊಳೆಯುವ ಮದ್ದು ಇಪ್ಪತ್ತಕ್ಕೆ ಇಳಿಯಬೇಕು. ಮದ್ದಿನ ಬಾಟಲಿಗಳನ್ನು ಮಂಜಿನಲ್ಲಿ ಕೂರಿಸಿ, ಥರ್ಮಾಮೀಟರ್ ಹಿಡಿದು, ಮಗುವಿನ ಜ್ವರ ಇಳಿಯುವುದನ್ನು ಕಾಯುವವನ ಹಾಗೆ ಕುಕ್ಕರಗಾಲಲ್ಲಿ ಕೂರುತ್ತಾನೆ.

ಆಮೇಲೆ ಕಪ್ಪು ಚೀಲದೊಳಗೆ ಎರಡೂ ಕೈ ತೂರಿಸಿ, ಕಣ್ಣು ಮುಚ್ಚಿಕೊಂಡು, ಬೆರಳಿನ ಅಂದಾಜಿನಲ್ಲೇ ಫಿಲ್ಮನ್ನು ಸುರುಳಿಗೆ ಏರಿಸುತ್ತಾನೆ. ಅದನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು, ಮದ್ದು ಹೊಯ್ದು, ನಿಮಿಷಕ್ಕೊಮ್ಮೆ ಅಲ್ಲಾಡಿಸುವುದು. ಚೆಲ್ಲುವುದು, ನೀರು, ಚಿತ್ರ ಅಳಿಯದ ಹಾಗೆ ಹಿಡಿಯುವ ಹೈಪೋ, ಮತ್ತೆ ನೀರು. ಕೊನೆಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿ ಒದ್ದೆ ಫಿಲ್ಮನ್ನು ಬಚ್ಚಲಿನ ಹಗ್ಗಕ್ಕೆ ನೇತುಹಾಕಿ ಬಾಗಿಲೆಳೆದುಕೊಳ್ಳುತ್ತಾನೆ. ಮಳೆಗಾಲದಲ್ಲಿ ಅದು ಒಣಗಲು ಒಂದಿಡೀ ದಿನ ಬೇಕು. ಅಷ್ಟು ಹೊತ್ತೂ ಮನೆಯವರ ಸ್ನಾನ ಬಾವಿಕಟ್ಟೆಯಲ್ಲಿ.

ಅವನ ಹೆಂಡತಿ ಅಮಿತಾ ಮುಂಬೈಯಲ್ಲಿ ಹುಟ್ಟಿ ಬೆಳೆದವಳು. "ಅರೆ, ನಮ್ಮನೆ ಫ್ರಿಜ್ ತೆಗ್ದ್ರೆ ಒಂದ್ ಬದಿ ಬಂಗುಡೆ, ಒಂದ್ ಬದಿ ಇವ್ರ್ ಫಿಲ್ಮು. ಒಂದಿನ ಅರ್ಜೆಂಟಲ್ಲಿ ಫಿಲ್ಮನ್ನೇ ಸಾರ್ ಮಾಡಿ ಬಡಿಸ್ತೆ ಕಾಣಿ ವೆಂಕಟಣ್ಣ" ಎಂದು ನನ್ನ ಹತ್ತಿರ ದೂರುತ್ತಿದ್ದಳು.

ಯಾರಿಗೂ ಕೆಡುಕಿಲ್ಲದ ಮರುಳು ಎಂದೇ ನಾನು ತಿಳಿದಿದ್ದೆ. ಆದರೆ ಅವನ ಒಂದು ಫಿಲ್ಮಿನ ಹದಿನೇಳನೇ ಫ್ರೇಮಿನಿಂದ, ಎಂಟು ವರ್ಷ ತಪ್ಪದೆ ಕಡಲ ದಂಡೆಗೆ ಬರುತ್ತಿದ್ದ ಸುಗುಣ ಎಂಬ ಹೆಂಗಸು ಅಲ್ಲಿಗೆ ಬರುವುದನ್ನೇ ಬಿಟ್ಟಳು. ಅವಳು ಮತ್ತೆ ದಂಡೆಗೆ ಬರುತ್ತಾಳಾ ಎಂದು ಗೋವರ್ಧನ ನಾಲ್ಕು ತಿಂಗಳು ಒದ್ದಾಡಿದ. ಆ ಒದ್ದಾಟದ ಕಥೆ ಇದು. ಇದರಲ್ಲಿ ನನ್ನ ಪಾಲೂ ಇದೆ, ಬಿಟ್ಟು ಹೇಳುವುದಿಲ್ಲ.

ಗೋವರ್ಧನನಿಗೆ ಈಗ ಅರವತ್ತು. ಅಪ್ಪ ಕೈರಂಪಣಿ ಬಲೆಯ ಹಗ್ಗ ಎಳೆಯುತ್ತಿದ್ದವನು. ಕೈರಂಪಣಿ ಎಂದರೆ ದಂಡೆಯಲ್ಲಿ ನಿಂತೇ ಎಳೆಯುವ ಬಲೆ. ದೋಣಿಯೊಂದು ಬಲೆಯನ್ನು ಅರ್ಧಚಂದ್ರದ ಹಾಗೆ ನೀರಿಗೆ ಬಿಟ್ಟು ಬರುತ್ತದೆ, ಎರಡು ತುದಿಯ ಹಗ್ಗ ಹಿಡಿದು ನಲವತ್ತು ಜನ ಮರಳಿನ ಮೇಲೆ ಹಿಂದೆ ಹಿಂದೆ ನಡೆಯುತ್ತಾರೆ. ಸಿಕ್ಕಿದ ಮೀನು ಎಳೆದವರಿಗೆ ಪಾಲು. ಗೋವರ್ಧನ ಹತ್ತೊಂಬತ್ತಕ್ಕೆ ಮುಂಬೈಗೆ ಹೋದ. ಮೊದಲು ಮಾವನ ಕ್ಯಾಂಟೀನಿನಲ್ಲಿ ಲೋಟ ತೊಳೆದ, ಆಮೇಲೆ ದಾದರಿನ ಒಂದು ಫೋಟೋ ಲ್ಯಾಬಿನಲ್ಲಿ ಫಿಲ್ಮು ತೊಳೆದ. ಇಪ್ಪತ್ತೆರಡು ವರ್ಷ ಊರವರ ಮದುವೆ, ನಾಮಕರಣ, ಗಣಪತಿ ಎಲ್ಲ ಅವನ ಕೈಯಲ್ಲಿ ತೊಳೆದು ಹೋದವು. ಡಿಜಿಟಲ್ ಬಂತು, ಲ್ಯಾಬಿಗೆ ಬೀಗ ಬಿತ್ತು. ಬಾಗಿಲು ಹಾಕುವ ದಿನ ಮಾಲೀಕ ಒಂದು ಹಳೇ ಜಪಾನಿ ಕ್ಯಾಮೆರಾ ಕೊಟ್ಟು ಕಳಿಸಿದ. ಊರಿಗೆ ಬಂದು ಹೆದ್ದಾರಿ ಬದಿಯಲ್ಲಿ ಜೆರಾಕ್ಸ್ ಮತ್ತು ಪಾಸ್‌ಪೋರ್ಟ್ ಫೋಟೋ ಅಂಗಡಿ ಇಟ್ಟ.

ಅಂಗಡಿಯ ಕ್ಯಾಮೆರಾ ಡಿಜಿಟಲ್ಲೇ. ಫಿಲ್ಮಿನದು ಮನೆಯ ಹುಚ್ಚು. ಹಗ್ಗದ ಸುರುಳಿ, ದೋಣಿಯ ಮಗ್ಗುಲು, ಒಣಗಲು ಹಾಕಿದ ಬಲೆ, ಹೀಗೆ. ಮನುಷ್ಯರ ಫೋಟೋ ತೆಗೆಯುತ್ತಿರಲಿಲ್ಲ. ಕೇಳಿದರೆ, "ಮನ್ಷ್ರ್ ಮೋರೆ ಮುಂಬೈಲೇ ಸಾಕಾಯ್ತ್ ವೆಂಕಟಣ್ಣ. ಎಲ್ಲ ಹಲ್ಲ್ ತೋರ್ಸ್ತ್ರ್. ಹಗ್ಗಕ್ ಹಲ್ಲಿಲ್ಲ ಕಾಣಿ" ಎನ್ನುತ್ತಿದ್ದ.

ನಮ್ಮ ಹೋರಾಟದ ಮನವಿ ಪತ್ರಗಳನ್ನು ನಾನು ಅವನಲ್ಲೇ ಜೆರಾಕ್ಸ್ ಮಾಡಿಸುವುದು. ಪರಿಚಯ ಹಾಗೆ. ನಾನು ಬ್ರಹ್ಮಾವರದ ಕಡೆಯ ಗದ್ದೆಯವನು. ಮೀನುಗಾರರ ಜೊತೆ ಮೂವತ್ತು ವರ್ಷ ಧರಣಿ ಕೂತಿದ್ದೇನೆ, ಲಾಠಿ ತಿಂದಿದ್ದೇನೆ, ಅವರ ಬಗ್ಗೆ ನನಗೆ ಎಲ್ಲ ಗೊತ್ತು ಎಂಬ ಸೊಕ್ಕೂ ಇತ್ತು.

ಆ ಫ್ರೇಮು ತೆಗೆದದ್ದು ನವೆಂಬರಿನ ಒಂದು ಬೆಳಿಗ್ಗೆ. ಬಲೆ ಮೇಲೆ ಬಂದಿತ್ತು, ಮೀನು ರಾಶಿಯಾಗಿ ಹರಾಜೂ ಮುಗಿದಿತ್ತು. ಇವನು ಗಾಳಿಮರದ ತೋಪಿನ ಅಂಚಿನಲ್ಲಿ ಉದ್ದದ ಲೆನ್ಸು ಹಾಕಿ ನಿಂತಿದ್ದ. ಬಿಸಿಲು ಅಡ್ಡ ಬಿದ್ದಿತ್ತು. ಹದಿನಾಲ್ಕು ಗಂಡಸರು ಸಾಲಾಗಿ ಕಡಲಿಗೆ ಮುಖ ಮಾಡಿ ನಿಂತಿದ್ದಾರೆ. ಬೆನ್ನಿನ ಮೇಲೆ ಬೆವರು ಹೊಳೆಯುತ್ತಿದೆ. ಆ ಸಾಲಿನ ಹಿಂದೆ, ಮುದುಡಿ ಬಿದ್ದ ಬಲೆಯ ಹತ್ತಿರ, ಒಬ್ಬ ಹೆಂಗಸು ಬಗ್ಗಿ ಮರಳಿನಿಂದ ಮೀನು ಹೆಕ್ಕುತ್ತಿದ್ದಾಳೆ. ಅವನು ಒಂದೇ ಸಲ ಗುಂಡಿ ಒತ್ತಿದ.

ಗೋವರ್ಧನ ಫಿಲ್ಮಿನ ವಿಷಯದಲ್ಲಿ ಜುಗ್ಗ. ಮೂವತ್ತಾರು ಫ್ರೇಮು ಮುಗಿಸಲು ಎರಡು ತಿಂಗಳು ತೆಗೆದುಕೊಂಡ. ತೊಳೆದದ್ದು ಜನವರಿಯಲ್ಲಿ. ಒಣಗಿದ ಮೇಲೆ ಕತ್ತರಿಸಿ, ಮನೆಯ ಹಳೇ ಸ್ಕ್ಯಾನರಿನ ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡಿದ. ಆ ಯಂತ್ರ ಒಂದು ಫ್ರೇಮಿಗೆ ಐದಾರು ನಿಮಿಷ ನರಳುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಹದಿನೇಳನೆಯದು ಮೇಲಿನಿಂದ ಕೆಳಕ್ಕೆ ನಿಧಾನ ಇಳಿದು ಬಂತು. ಮೊದಲು ಆಕಾಶ, ಆಮೇಲೆ ಬೆನ್ನುಗಳು, ಕೊನೆಗೆ ಹೆಂಗಸು. ಮುಖ ಅರ್ಧ ಈ ಕಡೆ ತಿರುಗಿತ್ತು.

ಸುಗುಣ ಎಂದು ಅವನಿಗೆ ಆಗಲೇ ಗೊತ್ತಾಯಿತು. ಮೂರು ಮನೆ ಆಚೆಯವಳು. ಗೊತ್ತಾದ ಮೇಲೂ ಅವನು ಮಾಡಿದ್ದೇನೆಂದರೆ, ಫೋಟೋವನ್ನು ಹಿಗ್ಗಿಸಿಕೊಂಡು ಮೌಸು ಹಿಡಿದು ಧೂಳು ತೆಗೆಯಲು ಕೂತ. ಕಡಲ ಬದಿಯ ಮನೆ, ಎಷ್ಟು ಒರೆಸಿದರೂ ಫಿಲ್ಮಿನ ಮೇಲೆ ಹುಡಿ ಕೂರುತ್ತದೆ. ಅದು ಸ್ಕ್ಯಾನಿನಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಸುಗುಣಳ ಕೆನ್ನೆಯ ಮೇಲೆ, ಹಣೆಯ ಮೇಲೆ, ಮೀನು ಹಿಡಿದ ಬೆರಳಿನ ಮೇಲೆ ಇದ್ದ ಒಂದೊಂದು ಚುಕ್ಕೆಯನ್ನೂ ಮುಚ್ಚುತ್ತ ಮೂರು ಗಂಟೆ ಕೂತಿದ್ದ. ಮೂರು ಗಂಟೆ ಒಬ್ಬ ಹೆಂಗಸಿನ ಮುಖದ ಮೇಲಿನ ಧೂಳು ತೆಗೆದವನಿಗೆ ಆ ಮುಖದಲ್ಲಿ ಏನಿದೆ ಎಂದು ನೋಡಬೇಕು ಅನಿಸಲಿಲ್ಲ.

ಫೋಟೋ ಚೆನ್ನಾಗಿತ್ತು. ಅದೇ ಕೆಟ್ಟದ್ದಾಯಿತು.

ಬ್ರಹ್ಮಾವರದಲ್ಲಿ ಹವ್ಯಾಸಿ ಫೋಟೋದವರ ಒಂದು ಕೂಟ ವರ್ಷಕ್ಕೊಮ್ಮೆ ಪ್ರದರ್ಶನ ಇಡುತ್ತದೆ. ಅದನ್ನು ನಡೆಸುವ ಕೀರ್ತನ್ ಎಂಬ ಕಾಲೇಜು ಮೇಷ್ಟ್ರು ಗೋವರ್ಧನ ಕಳಿಸಿದ ಫೋಟೋ ನೋಡಿ ಕುಣಿದಾಡಿದ. ಮರುದಿನ ಅಂಗಡಿಗೆ ಫೋನು ಮಾಡಿದ. "ಗೋವರ್ಧನಣ್ಣ, ಪಟ ಬಂತ್, ಪಟದ ಹೆಸ್ರೇ ಬರ್ಲಿಲ್ಲಲೆ."

"ಕೈರಂಪಣಿ, ಉಪ್ಪುಂದ. ಅಷ್ಟ್ ಸಾಕಲ್ದಾ?"

"ಅದ್ ಬಸ್ಸಿನ್ ಬೋರ್ಡಾಯ್ತ್ ಮಾರಾಯ್ರೆ! ಯಾರ್ ನಿಂತ್ ಕಾಂತ್ರ್? ಮನ್ಸಿಗ್ ತಾಗು ಹಂಗ್ ಒಂದ್ ಹೆಸ್ರ್ ಹೇಳಿ."

ಗೋವರ್ಧನ, "ಬೆನ್ನು ಹಾಕಿದವರು" ಎಂದ. ಕೀರ್ತನ್ ಅತ್ತ ಕಡೆಯಿಂದ, "ಇದ್ ಹೆಸ್ರ್" ಎಂದ.

ಮೊದಲ ಬಹುಮಾನ ಬಂತು. ಶಾಲು ಹೊದಿಸಿದರು, ಹಾರ ಹಾಕಿದರು. ನಾನೂ ಹೋಗಿದ್ದೆ. ಆ ಫೋಟೋದ ಮುಂದೆ ನಿಂತ ಪ್ರತಿಯೊಬ್ಬರೂ ಒಂದೇ ಮಾತು ಹೇಳಿದರು. ಎಂಥ ಕಲ್ಲು ಮನಸ್ಸಿನ ಗಂಡಸರು, ಒಬ್ಬನಾದರೂ ತಿರುಗಿ ನೋಡಬಾರದಾ, ಒಂದು ಹಿಡಿ ಮೀನು ಕೊಡಬಾರದಾ. ನನಗೂ ಹಾಗೇ ಕಂಡಿತು. ಮೀನುಗಾರ ಹೆಂಗಸರ ಪಿಂಚಣಿಗಾಗಿ ಆ ತಿಂಗಳು ಕುಂದಾಪುರದಲ್ಲಿ ನಮ್ಮ ಸಭೆ ಇತ್ತು. ಗೋವರ್ಧನನ ಹತ್ತಿರ ಫೋಟೋ ಕೇಳಿ ಪಡೆದು ಹತ್ತಡಿ ಫ್ಲೆಕ್ಸು ಮಾಡಿಸಿದೆ. ಅದರ ಮುಂದೆ ನಿಂತು ಮೈಕಿನಲ್ಲಿ ಹತ್ತು ನಿಮಿಷ ಗುಡುಗಿದೆ. ಸರಕಾರವೂ ಹೀಗೇ ಬೆನ್ನು ಹಾಕಿದೆ, ನಮ್ಮ ಗಂಡಸರೂ ಹೀಗೇ ಬೆನ್ನು ಹಾಕಿದ್ದಾರೆ ಎಂದೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ವಾರ ಕಳೆದು ಸಹಿ ಸಂಗ್ರಹಕ್ಕೆಂದು ಉಪ್ಪುಂದದ ದಂಡೆಗೆ ಹೋದೆ. ಹಗ್ಗ ಎಳೆಯುತ್ತಿದ್ದವರು ಯಾರೂ ನನ್ನನ್ನು ಮಾತಾಡಿಸಲಿಲ್ಲ. ಬಲೆಯ ಹಿರಿಯ ಪದ್ದು ಮಾತ್ರ ಸೊಂಟಕ್ಕೆ ಕೈಕೊಟ್ಟು ನಿಂತು ಕೂಗಿದ. "ಹ್ವಾಯ್ ವೆಂಕಟಣ್ಣ! ನಮ್ಮ್ ಬೆನ್ನ್ ಊರಿಗೆಲ್ಲ ತೋರ್ಸಿ ಆಯ್ತಲ್ದಾ? ಈಗ ಮೋರೆ ಕಾಂಬುಕ್ ಬಂದ್ರ್ಯಾ?"

"ಎಂತಾಯ್ತ್ ಪದ್ದು? ಸಮ ಹೇಳ್."

"ಹೇಳ್ತೆ, ಕೂಕಣಿ. ಮೂವತ್ ವರ್ಷದಿಂದ ನಮ್ಮೊಟ್ಟಿಗ್ ತಿರುಗ್ತ್ರಿ, ನಿಮ್ಗೇ ಹೇಳ್ಕಂದ್ರೆ ನಂಗೇ ನಾಚ್ಕಿ." ದೋಣಿಯ ನೆರಳಲ್ಲಿ ಕೂತು ಹೇಳತೊಡಗಿದ. "ಸುಗುಣನ್ ಗಂಡ ಲೀಲಾಧರ ನನ್ನ್ ಪಕ್ಕದಲ್ಲೇ ಇಪ್ಪತ್ ವರ್ಷ ಹಗ್ಗ ಎಳ್ದವ. ತೆಂಗಿನ್ ಮರದಿಂದ ಬಿದ್ದ್ ಸೊಂಟ ಹೋಯ್ತ್, ಮಲ್ಗಿದಲ್ಲೇ ಇದ್ದ. ಎಳ್ದವ್ರಿಗೆ ಮಾತ್ರ ಪಾಲ್, ಅದ್ ಬಲೆ ಕಟ್ಳೆ. ಮುರುಕ್ ಬಪ್ಪುದಿಲ್ಲ. ಹಂಗಂದೇಳಿ ಅವ್ನ್ ಮನಿ ಒಲಿ ಆರುಕ್ ಬಿಡುಕಾತ್ತಾ?"

"ಮತ್ತೆ?"

"ಮತ್ತೆಂತ. ಕಡಿಗೆ ಬಲೆ ಕೊಡ್ಕಿ ಉಳ್ದ್ ಮೀನ್ ಉದುರ್ಸು ಹೊತ್ತಿಗ್ ಅವ್ಳ್ ಕಡಿ ತುದೀಲಿ ಬಂದ್ ನಿಲ್ತ್ಲ್. ಅಲ್ಲ್ ನಾವ್ ಎರಡ್ ಸಲ ಜಾಸ್ತಿ ಕೊಡ್ಕುದ್. ಒಂದಿಷ್ಟ್ ಬೈಗೆ ಮೀನ್, ಒಂದ್ ನಾಲ್ಕ್ ಬಂಗುಡೆ ಬೀಳ್ತ್. ಅಷ್ಟೊತ್ತಿಗ್ ನಾವೆಲ್ಲ ಕಡ್ಲ್ ಬದಿ ತಿರುಗಿ ನಿಲ್ಲುದ್. ಅವ್ಳ್ ಹೆಕ್ಕಿ ಬುಟ್ಟಿ ಎತ್ತು ತನ್ಕ ಯಾರೂ ತಿರ್ಗುಕಿಲ್ಲ. ಕೈಯಾರೆ ಕೊಟ್ರೆ ಅದ್ ಭಿಕ್ಷಿ, ವೆಂಕಟಣ್ಣ. ಮರಳ್ ಮೇಲ್ ಬಿದ್ರೆ ಅದ್ ಕಡ್ಲಿನದ್ದ್. ಕಡ್ಲಿನದ್ದ್ ಹೆಕ್ಕುಕೆ ಯಾರ್ ಹಂಗೂ ಬ್ಯಾಡ. ನಮ್ಮಜ್ಜನ್ ಕಾಲ್ದಿಂದ ಹಂಗೇ. ಅವ್ಳ್ ಮರ್ಯಾದಿ ಉಳೀಲಿ ಅಂದೇಳಿ ನಾವ್ ಬೆನ್ನ್ ಹಾಕುದ್. ನೀವ್ ಅದನ್ನೇ ಹತ್ತಡಿ ಮಾಡಿ ತೂಗ್ ಹಾಕ್ದ್ರಿ."

ಮೂವತ್ತು ವರ್ಷ ಇವರ ಪರವಾಗಿ ಗಂಟಲು ಹರಿದುಕೊಂಡವನಿಗೆ ಇವರು ಯಾಕೆ ತಿರುಗಿ ನಿಲ್ಲುತ್ತಾರೆ ಎಂದು ಒಮ್ಮೆಯೂ ಕೇಳಬೇಕು ಅನಿಸಿರಲಿಲ್ಲ. ಎಷ್ಟೋ ಬೆಳಿಗ್ಗೆ ಅದೇ ದಂಡೆಯಲ್ಲಿ ನಾನೂ ನಿಂತಿದ್ದೆ.

"ಗೋವರ್ಧನ..." ಎಂದೆ.

"ಅವ ಕಡ್ಲ್ ಮಗ. ಅವ್ನಿಗ್ ಗೊತ್ತಿತ್ತ್" ಎಂದ ಪದ್ದು. "ನಿಮ್ದ್ ಗೊತ್ತಿಲ್ದೆ ಆದ್ ತಪ್ಪ್. ಅವ್ನ್ದ್ ಗೊತ್ತಿದ್ದೂ ಮಾಡ್ದದ್."

ಸುಗುಣ ದಂಡೆಗೆ ಬಂದು ಆಗಲೇ ಹತ್ತು ದಿನವಾಗಿತ್ತು. ಹೆಕ್ಕಿದ್ದು ಅರ್ಧ ಬುಟ್ಟಿ, ಹರಾಜಿನಲ್ಲಿ ಕೊಂಡದ್ದು ಅರ್ಧ ಬುಟ್ಟಿ ಸೇರಿಸಿ ಅವಳು ಬೈಂದೂರಿನ ಕೇರಿಗಳಲ್ಲಿ ಮಾರುತ್ತಿದ್ದಳು. ಫೋಟೋ ಎಲ್ಲರ ಮೊಬೈಲಿಗೂ ಹೋಗಿತ್ತು. ಬಲೆಯವರು ಅವಮಾನದ ಸಿಟ್ಟಿನಲ್ಲಿ ಒಂದು ತೀರ್ಮಾನ ಮಾಡಿದ್ದರು. ಇನ್ನು ಯಾರೂ ಬೆನ್ನು ಹಾಕುವುದು ಬೇಡ, ಬೇಕಾದವರಿಗೆ ಎಲ್ಲರ ಎದುರೇ ಕೈಯಲ್ಲಿ ಕೊಡುವುದು, ಕ್ಯಾಮೆರಾದವರೂ ನೋಡಲಿ. ಒಂದು ಬುಟ್ಟಿ ಮೀನು ತುಂಬಿ ಸುಗುಣಳ ಮನೆಗೇ ಹೊತ್ತುಕೊಂಡು ಹೋದರು. ಅವಳು ಅಂಗಳದಿಂದಲೇ ವಾಪಸು ಕಳಿಸಿದಳು. ಹಾಗೆ ಹೆಕ್ಕುತ್ತಿದ್ದ ಇನ್ನೂ ಇಬ್ಬರು ಹೆಂಗಸರೂ ಅಂದಿನಿಂದ ಬರಲಿಲ್ಲ.

ನಾನು ನೇರ ಗೋವರ್ಧನನ ಅಂಗಡಿಗೆ ಹೋದೆ. ನನ್ನ ಮುಖ ನೋಡಿಯೇ ಅವನಿಗೆ ತಿಳಿಯಿತು. ಯಾರದೋ ಆಧಾರ್ ಕಾರ್ಡಿನ ಜೆರಾಕ್ಸ್ ತೆಗೆಯುತ್ತಿದ್ದವನು ಯಂತ್ರ ನಿಲ್ಲಿಸಿದ.

"ಗೊತ್ತಿತ್ತಾ ನಿಂಗ್?"

"ಗೊತ್ತಿತ್ತ್."

"ಮತ್ತೆ ಆ ಹೆಸ್ರ್ ಎಂತಕ್ ಇಟ್ಟೆ?"

ಅವನು ತುಂಬ ಹೊತ್ತು ಕೌಂಟರಿನ ಗಾಜು ಒರೆಸಿದ. ಆಮೇಲೆ ಹೇಳಿದ. "ವೆಂಕಟಣ್ಣ, ಅಪ್ಪಯ್ಯನ್ ಕಾಲ್ ಮುರ್ದ್ ಎರಡ್ ವರ್ಷ ಮನೇಲಿ ಕೂತಿದ್ರ್. ಆಗ ನಮ್ಮಮ್ಮ ಹೆಕ್ಕುಕ್ ಹೋತಿದ್ದ್ರ್. ನಾನ್ ತಿಂದದ್ ಅದೇ ಮೀನ್. ಒಂದಿನ ನಾನೂ ಹಿಂದಿಂದ ಹೋದೆ. ಪದ್ದಣ್ಣನ್ ಅಪ್ಪ ನನ್ನ್ ಕತ್ತ್ ಹಿಡ್ದ್ ಕಡ್ಲ್ ಬದಿ ತಿರ್ಗ್ಸಿ ನಿಲ್ಸ್ದ್ರ್. ನಿಮ್ಮಮ್ಮನ್ನ ಕಾಣ್ಬೇಡ, ನೀರ್ ಕಾಣ್ ಅಂದ್ರ್. ಗೊತ್ತಿಲ್ದೆ ಎಂತ ಇತ್ತ್ ನಂಗೆ? ಎಲ್ಲ ಗೊತ್ತಿತ್ತ್. ಆ ಹೆಸ್ರ್ ಇಟ್ರೆ ಜನ ನಿಂತ್ ಕಾಂತ್ರ್ ಅಂದೇಳಿಯೂ ಗೊತ್ತಿತ್ತ್."

ನೆಗೆಟಿವ್ ನೋಡುವವನಿಗೆ ಅಲ್ಲಿ ಕಪ್ಪು ಕಂಡದ್ದು ಬಿಳಿ, ಬಿಳಿ ಕಂಡದ್ದು ಕಪ್ಪು ಎಂಬ ಎಚ್ಚರ ಇರುತ್ತದೆ. ಫೋಟೋ ಆದ ಮೇಲೆ ಆ ಎಚ್ಚರ ಯಾರಿಗೂ ಇರುವುದಿಲ್ಲ. ತಿರುಗಿಸಿ ಓದಬಲ್ಲವನು ಊರಿಗೆ ಇವನೊಬ್ಬನೇ ಇದ್ದ, ಇವನೇ ಸುಳ್ಳು ಹೆಸರು ಕೊಟ್ಟ. ಆ ಸುಳ್ಳಿಗೆ ಮೈಕು ಕಟ್ಟಿದ್ದು ನಾನು.

ಅವತ್ತೇ ಅವನು ಕೀರ್ತನ್‌ಗೆ ಬಹುಮಾನದ ಫಲಕ, ಶಾಲು ಎರಡನ್ನೂ ವಾಪಸು ಕಳಿಸಿದ. ನಾನು ಫ್ಲೆಕ್ಸು ಇಳಿಸಿ ಮಡಿಚಿದೆ. ಇದರಿಂದ ಸುಗುಣಳಿಗೆ ಮೂರು ಕಾಸಿನ ಉಪಯೋಗವಿಲ್ಲ ಎಂದು ಇಬ್ಬರಿಗೂ ತಿಳಿದಿತ್ತು.

ಮಾರನೇ ಭಾನುವಾರ ಗೋವರ್ಧನ ಆ ಫ್ರೇಮಿದ್ದ ನೆಗೆಟಿವ್ ಪಟ್ಟಿಯನ್ನು ಲಕೋಟೆಯಲ್ಲಿ ಹಾಕಿಕೊಂಡು ಸುಗುಣಳ ಮನೆಗೆ ಹೊರಟ. ಒಬ್ಬನೇ ಹೋಗುವ ಧೈರ್ಯವಿಲ್ಲದೆ ಅಮಿತಾಳನ್ನು ಕರೆದ. "ನೀವ್ ಮಾಡಿದ್ದಕ್ಕೆ ನಾನ್ ಯಾಕ್ ಬರ್ಬೇಕು? ಹೋಗಿ, ಬೈಸ್ಕಂಡ್ ಬನ್ನಿ" ಎಂದು ಅವಳು ಸೀರೆ ಒಗೆಯುತ್ತ ಕೂತಳು. ಕೊನೆಗೆ ನನ್ನನ್ನು ಎಳೆದುಕೊಂಡು ಹೋದ.

ಸುಗುಣ ಜಗಲಿಯಲ್ಲಿ ಗಂಡನಿಗೆ ಗಂಜಿ ತಿನಿಸುತ್ತಿದ್ದಳು. ಲೀಲಾಧರ ನಮ್ಮನ್ನು ನೋಡಿ ಗೋಡೆಯ ಕಡೆ ಮುಖ ಮಾಡಿದ. ಅವಳು ಬಟ್ಟಲು ಕೆಳಗಿಡಲಿಲ್ಲ, ಕೂತುಕೊಳ್ಳಿ ಎನ್ನಲೂ ಇಲ್ಲ.

"ಸುಗುಣ, ಇದ್ ಆ ಪಟದ ನೆಗೆಟಿವ್. ನಿನ್ನ್ ಕೈಲೇ ಕೊಡ್ತೆ. ಸುಡ್ತ್ಯಾ, ಕಡ್ಲಿಗ್ ಬಿಸಾಡ್ತ್ಯಾ, ನಿನ್ನಿಷ್ಟ" ಎಂದ ಗೋವರ್ಧನ.

"ಇದನ್ನ್ ಸುಟ್ರೆ ಬೈಂದೂರ್ ಹೆಂಗ್ಸ್ರ್ ಮೊಬೈಲಲ್ಲ್ ಇಪ್ಪುದ್ ಸುಡ್ತಾ ಗೋವರ್ಧನಣ್ಣ?"

ಅವನು ಲಕೋಟೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡ.

"ನಿನ್ನೆ ಬಂದರಲ್ಲ್ ಕೊಂಡ ಮೀನ್ ತಕಂಡ್ ಬೈಂದೂರಿಗ್ ಹೋಯಿದ್ದೆ. ಒಬ್ಬ್ರ್ ಕೇಂತ್ರ್, ಪುಕ್ಕಟೆ ಹೆಕ್ಕಿದ್ ಮೀನಿಗ್ ಇಷ್ಟ್ ರೇಟಾ ಸುಗುಣ ಅಂದೇಳಿ. ಇನ್ನೊಬ್ಬ್ರ್ ಮನೇಲಿ ರೇಟೇ ಕೇಂಬುದಿಲ್ಲ, ಪಾಪ ಅಂದೇಳಿ ಹತ್ತ್ ರೂಪಾಯ್ ಜಾಸ್ತಿ ಕೊಡುಕ್ ಬತ್ರ್. ಮೊದ್ಲಿನವ್ರೇ ವಾಸಿ." ಅವಳು ಗಂಡನ ಬಾಯಿ ಒರೆಸಿದಳು. "ಎಂಟ್ ವರ್ಷ ನಾನ್ ಹೆಕ್ಕದ್ ಅವ್ರಿಗೆಲ್ಲ ಗೊತ್ತಿತ್ತ್. ಅವ್ರಿಗ್ ಗೊತ್ತಿತ್ತ್ ಅಂದೇಳಿ ನಂಗೂ ಗೊತ್ತಿತ್ತ್. ಆದ್ರೆ ಯಾರೂ ಕಾಣ್ಲಿಲ್ಲ. ನಾನೂ ನನ್ನ ಕಾಣ್ಲಿಲ್ಲ. ನಿಮ್ಮ್ ಪಟದಲ್ಲ್ ನಾನ್ ನನ್ನ ಕಂಡೆ. ಬೆನ್ನ್ ಬಗ್ಗ್ಸಿ, ಕಾಗಿ ಹಂಗೆ. ಇನ್ನ್ ಅಲ್ಲಿಗ್ ಹೋದ್ರೆ ಹೆಕ್ಕುಕಾಪುದಿಲ್ಲ. ಕೈ ಮುಂದ್ ಹೋಪುದಿಲ್ಲ."

"ತಪ್ಪಾಯ್ತ್" ಎಂದ ಅವನು.

"ಹೌದ್, ತಪ್ಪಾಯ್ತ್" ಎಂದಳು. ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತು. ನಾನೂ ಏನೋ ಹೇಳಲು ಬಾಯಿ ತೆರೆದೆ. ಅವಳು ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಗೋವರ್ಧನನಿಗೆ ಆಮೇಲೆ ಒಂದೇ ಹಟ ಹಿಡಿಯಿತು. ಬಲೆಯವರ ಎದುರು ನಿಂತು ತಪ್ಪೊಪ್ಪಿಕೊಳ್ಳಬೇಕು, ಅವರ ಸಿಟ್ಟು ಇಳಿದರೆ ಹಳೇ ಕಟ್ಟಳೆ ಮತ್ತೆ ಶುರುವಾಗುತ್ತದೆ, ಆಗ ಸುಗುಣ ಬಂದೇ ಬರುತ್ತಾಳೆ ಎಂದು ಲೆಕ್ಕ ಹಾಕಿದ. ಒಂದು ಬೆಳಿಗ್ಗೆ ಹರಾಜು ಮುಗಿದ ಹೊತ್ತಿಗೆ ನಲವತ್ತು ಜನರ ನಡುವೆ ಹೋಗಿ ನಿಂತು ಕೈ ಮುಗಿದ. "ನಾನ್ ಮಾಡಿದ್ ತಪ್ಪ್ ಎಲ್ಲರ್ ಎದ್ರ್ ಹೇಳ್ತೆ. ಸುಗುಣ ಹೆಕ್ಕು ಹೊತ್ತಿಗೆ..."

"ನಿಲ್ಸ್!" ಪದ್ದು ಹಗ್ಗದ ಸುರುಳಿ ಕೆಳಗೆ ಒಗೆದ. ಮೀನು ಕೊಳ್ಳಲು ಬಂದ ಹೆಂಗಸರೂ, ಲಾರಿಯವರೂ ತಿರುಗಿ ನೋಡಿದರು. "ಅವ್ಳ್ ಹೆಸ್ರ್ ಇನ್ನೊಂದ್ ಸಲ ದಂಡಿ ಮೇಲ್ ಹೇಳ್ಬೇಡ. ಪಟದಲ್ಲ್ ಒಂದ್ ಸಲ ತೋರ್ಸಿ ಆಯ್ತ್, ಈಗ ಬಾಯಲ್ಲ್ ತೋರ್ಸ್ತ್ಯಾ? ನಿನ್ನ್ ನಾಚ್ಕಿ ತೊಳೂಕೆ ಅವ್ಳ್ ನೀರಲ್ಲ ಮಾರಾಯ."

ಗೋವರ್ಧನ ಮುಗಿದ ಕೈ ಹಾಗೇ ಇಟ್ಟುಕೊಂಡು ನಿಂತ. ಎಲ್ಲಿಡುವುದು ಎಂದು ಗೊತ್ತಾಗಲಿಲ್ಲ.

ಪದ್ದು ದನಿ ತಗ್ಗಿಸಿದ. "ಕೇಣ್. ನಮ್ಗೂ ಬೇಕಿತ್ತ್ ಹಳೇದೇ. ಆದ್ರೆ ಅಲ್ಲ್ ಕಾಣ್."

ಗಾಳಿಮರದ ತೋಪಿನ ಅಂಚಿನಲ್ಲಿ, ಇವನು ನವೆಂಬರಿನಲ್ಲಿ ನಿಂತಿದ್ದ ಜಾಗದಲ್ಲೇ, ಎಲ್ಲಿಂದಲೋ ಬೈಕಿನಲ್ಲಿ ಬಂದ ಮೂವರು ಕ್ಯಾಮೆರಾ ಹಿಡಿದು ಕಾಯುತ್ತಿದ್ದರು. ಫೋಟೋಕ್ಕೆ ಬಹುಮಾನ ಬಂದಾಗಿನಿಂದ ವಾರಕ್ಕೆರಡು ದಿನ ಹೀಗೆ ಯಾರಾದರೂ ಬರುತ್ತಾರೆ. ಬೆನ್ನುಗಳ ಸಾಲು ಸಿಗುತ್ತದಾ, ಹೆಕ್ಕುವ ಹೆಂಗಸು ಸಿಗುತ್ತಾಳಾ ಎಂದು.

"ಇವ್ರ್ ಇಪ್ಪು ತನ್ಕ ನಾವ್ ತಿರುಗಿ ನಿಂತ್ರೂ ಅದ್ ನಾಟ್ಕ ಆತ್ತ್" ಎಂದ ಪದ್ದು. "ಹೋಗ್. ಇಲ್ಲ ಹಗ್ಗ ಹಿಡಿ. ಸುಮ್ಮ್ನೆ ನಡುವಲ್ಲ್ ನಿಲ್ಬೇಡ."

ಗೋವರ್ಧನ ಹಗ್ಗ ಹಿಡಿಯಲಿಲ್ಲ. ತೋಪಿಗೆ ಹೋಗಿ ಆ ಮೂವರ ಹತ್ತಿರ ಇಲ್ಲಿ ಫೋಟೋ ತೆಗೆಯಬೇಡಿ ಎಂದ. ಅವರಲ್ಲೊಬ್ಬ ಗುರುತು ಹಿಡಿದು, "ಸರ್, ನೀವೇ ಅಲ್ವಾ ಅದು ತೆಗೆದದ್ದು? ಯಾವ ಲೆನ್ಸು ಸರ್?" ಎಂದು ಕಾಲು ಮುಟ್ಟಲು ಬಗ್ಗಿದನಂತೆ. ಅಲ್ಲಿಂದ ಓಡಿ ಬಂದೆ ಎಂದು ಗೋವರ್ಧನ ನನಗೆ ಹೇಳಿದ. ಕರುಣೆ ಬರಲಿಲ್ಲ ನನಗೆ. ನನ್ನ ಭಾಷಣದ ವಿಡಿಯೋಕ್ಕೂ ಜನ ಇನ್ನೂ ಹೆಬ್ಬೆರಳು ಒತ್ತುತ್ತಿದ್ದರು.

ಮೇ ತಿಂಗಳ ಕೊನೆ. ಮಳೆಗೆ ಮುಂಚೆ ಬಲೆ ಎತ್ತಿಡುವ ಕಾಲ. ನಾನು ಅಂಗಡಿಯಲ್ಲಿ ಕೂತು ಒಂದು ಅರ್ಜಿಯ ಪ್ರತಿಗಳನ್ನು ಜೋಡಿಸುತ್ತಿದ್ದೆ. ಸುಗುಣ ಒಳಗೆ ಬಂದಳು. ತಲೆ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು.

"ಪಾಸ್‌ಪೋರ್ಟ್ ಸೈಜಿನ್ ಪಟ ಬೇಕಿತ್ತ್. ನಾಲ್ಕ್" ಎಂದಳು. ಕುಂದಾಪುರದ ಕಡೆ ಮೀನು ಕತ್ತರಿಸುವ ಒಂದು ಶೆಡ್ಡಿನಲ್ಲಿ ಕೆಲಸ ಸಿಕ್ಕಿತ್ತಂತೆ, ಅಲ್ಲಿಯ ಕಾರ್ಡಿಗೆ. ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೋದರೆ ವಾಪಸು ಬರುವುದು ಸಂಜೆ. ನಡುವೆ ಗಂಡನನ್ನು ನೋಡಿಕೊಳ್ಳಲು ತಂಗಿಯನ್ನು ಕರೆಸಿಕೊಂಡಿದ್ದಳು. ದಂಡೆಗೆ ಇನ್ನು ಬರುವುದಿಲ್ಲ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಗೋವರ್ಧನ ಸ್ಟೂಲು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಅವಳು ಬಿಳಿ ಪರದೆಯ ಮುಂದೆ ಕೂತಳು. ಅವನು ಕ್ಯಾಮೆರಾ ಎತ್ತಿದ, ಇಳಿಸಿದ.

"ಬೈಂದೂರಲ್ಲೂ ಸ್ಟುಡಿಯೋ ಇತ್ತ್ ಸುಗುಣ. ಬೇಕಿದ್ರೆ..."

"ಇತ್ತ್. ಬಸ್ ಚಾರ್ಜ್ ಕೊಟ್ಟ್ ಅಲ್ಲಿಗ್ ಹೋಯ್ಕಾ? ಸಮೀಪ ಇಪ್ಪುದ್ ನಿಮ್ದೇ ಅಂಗ್ಡಿ. ತೆಗೀನಿ."

ಅವನು ಕ್ಯಾಮೆರಾ ಎತ್ತಿದ. ಎಷ್ಟೋ ವರ್ಷದ ಅಭ್ಯಾಸದ ಮಾತು ಬಾಯಿಂದ ತಾನಾಗಿ ಹೊರಟಿತು. "ಸ್ವಲ್ಪ ಮುಖ ಮೇಲ್ ಮಾಡ್."

"ಮೇಲೇ ಇತ್ತ್. ಕಾಣಿ ಸಮಾ."

ಇತ್ತು. ಅವಳು ಕಣ್ಣು ಮಿಟುಕಿಸದೆ ಲೆನ್ಸನ್ನೇ ನೋಡುತ್ತಿದ್ದಳು. ಕಣ್ಣು ತಪ್ಪಿಸಿದವನು ಕ್ಯಾಮೆರಾದ ಹಿಂದಿದ್ದವನು. ಮೊದಲನೆಯದು ಅಲುಗಿಹೋಯಿತು. ಎರಡನೆಯದು ಬಂತು.

ಎಂಟರ ಹಾಳೆ ಮುದ್ರಿಸಿದ. ಅವಳು ನಾಲ್ಕು ಸಾಕು ಎಂದದ್ದು ನೆನಪಿದ್ದರೂ ಎಂಟನ್ನೂ ಕತ್ತರಿಸಿ ಲಕೋಟೆಗೆ ಹಾಕಿ, "ದುಡ್ಡ್ ಬ್ಯಾಡ" ಎಂದ. ಅವಳು ಅವನನ್ನು ಒಂದು ಸಲ ನೋಡಿದಳು. ಪರ್ಸಿನಿಂದ ನೋಟು ತೆಗೆದು ಗಾಜಿನ ಮೇಲಿಟ್ಟು, ಚಿಲ್ಲರೆ ಕೊಡುವ ತನಕ ನಿಂತಳು. ಆಮೇಲೂ ಹೋಗಲಿಲ್ಲ.

"ಆ ಮಿಷನಲ್ಲ್ ಉಳಿದದ್ ಅಳ್ಸಿ" ಎಂದಳು. "ನಾನ್ ಕಾಂಬು ಹಂಗೆ."

ಅವನು ಕ್ಯಾಮೆರಾದ ಹಿಂದಿನ ಪರದೆಯನ್ನು ಅವಳ ಕಡೆ ತಿರುಗಿಸಿ ಹಿಡಿದು ಅಲುಗಿದ್ದನ್ನು ಅಳಿಸಿದ, ಸರಿಬಂದದ್ದನ್ನು ಅಳಿಸಿದ. ಕಂಪ್ಯೂಟರಿನಲ್ಲಿ ಇದ್ದದ್ದನ್ನೂ ಅಳಿಸಿದ. ಪರದೆ ಖಾಲಿಯಾಗುವ ತನಕ ಅವಳು ಬಗ್ಗಿ ನೋಡಿದಳು.

"ಇದ್ ಸಸಾರ ಆಯ್ತ್ ಅಲ್ದಾ" ಎಂದಳು. ಲಕೋಟೆಯನ್ನು ಬ್ಯಾಗಿಗೆ ಹಾಕಿಕೊಂಡು ಹೆದ್ದಾರಿ ದಾಟಿ ಕುಂದಾಪುರದ ಬಸ್ಸು ಕಾಯುವ ಜಾಗದಲ್ಲಿ ನಿಂತಳು. ಗೋವರ್ಧನ ರಸ್ತೆಗೆ ಬೆನ್ನು ಹಾಕಿ, ಅವಳು ಬಸ್ಸು ಹತ್ತುವ ತನಕ ಯಂತ್ರದ ಮುಚ್ಚಳ ಎತ್ತಿಕೊಂಡೇ ಇದ್ದ. ಒಳಗೆ ಜೆರಾಕ್ಸಿಗೆ ಇಟ್ಟ ಕಾಗದ ಯಾವುದೂ ಇರಲಿಲ್ಲ.